ಸಾಕವ್ವ ಎಂಬ ಮೂರಕ್ಷರ

ನನಗೊಂದು ಚಟವಿದೆ. ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಹೆಸರಿಡುವ ಕಾರ್ಯಕ್ಕೆ ಹೋದಾಗ ಎಲ್ಲರೂ ತೊಟ್ಟಿಲಿನತ್ತ ಬಗ್ಗಿ, ಕೂಸು ಯಾರ ಹಾಗಿದೆ ಎಂದು ನೋಡುತ್ತಾರೆ. ನಾನು ಹಿಂದೆ ನಿಂತು, ಧೋತರದ ಮರೆಯಲ್ಲಿ ಕೈ ಇಟ್ಟುಕೊಂಡು, ಹೆಸರಿನ ಅಕ್ಷರಗಳನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತೇನೆ. ಗಂಡುಕೂಸಾದರೆ ಎಣಿಸುವುದಿಲ್ಲ, ಹೆಣ್ಣುಕೂಸಾದರೆ ಮಾತ್ರ. ಮೂರು ಬಂದರೆ ಸಮಾಧಾನ. ಎರಡೋ ನಾಲ್ಕೋ ಬಂದರೆ, ಊಟಕ್ಕೆ ಕೂತಾಗಲೂ ಏನೋ ಕಳಕೊಂಡವನ ಹಾಗೆ ಇರುತ್ತೇನೆ.

ಈ ಚಟ ನನಗೆ ಹುಮನಾಬಾದಿನ ನಮ್ಮ ಮನೆಯಿಂದ ಬಂದದ್ದು. ನಿಜಾಮರ ಆಳಿಕೆಯ ಕಾಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆಯ ಹೆಣ್ಣುಮಕ್ಕಳಿಗೆ ಮೂರಕ್ಷರದ ಹೆಸರೇ ಇಡಬೇಕೆಂಬುದು ಆಕೆಯ ಕಾಯಿದೆ. ಎರಡಕ್ಷರದ ಹೆಸರು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ, ಹಿತ್ತಲಿನಲ್ಲಿದ್ದವಳಿಗೆ ಕೇಳಿಸುವುದಿಲ್ಲ. ನಾಲ್ಕಕ್ಷರದ್ದನ್ನು ಕೂಗಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಇದು ಆಕೆ ಕೊಡುತ್ತಿದ್ದ ಕಾರಣ. ಚಿಟಗುಪ್ಪದಿಂದ ಸೊಸೆಯಾಗಿ ಬಂದ ನಮ್ಮ ಚಿಕ್ಕಮ್ಮನಿಗೆ ತವರಿನಲ್ಲಿ ಭಾಗೀರಥಿಬಾಯಿ ಎಂಬ ಉದ್ದನೆಯ ಹೆಸರಿತ್ತು. ಹೊಸ್ತಿಲು ದಾಟುವ ಮೊದಲೇ ಆಯಿ ಅದನ್ನು ಕತ್ತರಿಸಿ ಭಾಗವ್ವ ಮಾಡಿದಳು.

ಗಂಡಿಗೆ ಸಮಸಂಖ್ಯೆಯ ಅಕ್ಷರ, ಹೆಣ್ಣಿಗೆ ಬೆಸ, ಜೊತೆಗೆ ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿ ಕಿವಿಗೆ ಮೃದುವಾಗಿರಬೇಕು ಎಂಬ ಮಾತು ಹಳೆಯ ಶಾಸ್ತ್ರಗಳಲ್ಲಿಯೇ ಇದೆಯೆಂದು ಎಷ್ಟೋ ವರ್ಷಗಳ ಮೇಲೆ ಬಲ್ಲವರೊಬ್ಬರಿಂದ ತಿಳಿಯಿತು. ಆಯಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆಕೆ ಹಾಲಿನ ಪಾತ್ರೆಯ ಮುಂದೆ ಕೂತು ಶಾಸ್ತ್ರಕಾರರ ನಿರ್ಣಯಕ್ಕೇ ಬಂದು ಮುಟ್ಟಿದ್ದಳು. ನಮ್ಮ ಓಣಿಯೂ ಆಕೆಯ ಪರವಾಗಿಯೇ ಇತ್ತು. ಮುಸಲ್ಮಾನರ ಮನೆಗಳಲ್ಲಿ ಫಾತಿಮಾ, ಆಯಿಶಾ. ಮರಾಠಿ ಮಾತಾಡುವವರ ಮನೆಯಲ್ಲಿ ಯಮುನಾ, ಸಗುಣಾ. ಫಾತಿಮಾ ಎಂದರೆ ಮಗುವಿಗೆ ಹಾಲು ಬಿಡಿಸಿದವಳು, ಆಯಿಶಾ ಎಂದರೆ ಬದುಕಿ ಬಾಳುವವಳು ಎಂದು ಅಪ್ಪ ಹೇಳಿದಾಗ ಆಯಿ, ಅರ್ಥ ಹೇಗೂ ಇರಲಿ, ಲೆಕ್ಕ ಸರಿಯಾಗಿದೆ ಎಂದು ತಲೆದೂಗಿದ್ದಳು. ನಮ್ಮಲ್ಲಂತೂ ಯಾವ ಹೆಸರಿಗಾದರೂ ಅವ್ವ ಸೇರಿಸಿದರೆ ಕೆಲಸ ಮುಗಿಯಿತು. ಹಲ್ಲು ಮೂಡದ ಕೂಸು ಹನ್ನೆರಡನೆಯ ದಿನಕ್ಕೇ ಊರಿಗೆಲ್ಲ ಅವ್ವನಾಗಿಬಿಡುತ್ತಿತ್ತು.

ನಮ್ಮ ಮನೆಯಲ್ಲಿ ನಾನು ಮೊದಲನೆಯವನು. ನನ್ನ ಬೆನ್ನಿಗೆ ಗಂಗವ್ವ, ನೀಲವ್ವ, ಕೊನೆಗೆ ಸಾಕವ್ವ. ಗಂಗವ್ವ ಹೊಳೆಯ ಹೆಸರು, ನೀಲವ್ವ ಬಣ್ಣದ ಹೆಸರು. ಸಾಕವ್ವ ಎಂಬುದು ಏನೆಂದು ಯಾರೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವಿಲ್ಲದಷ್ಟು ಅದು ಸ್ಪಷ್ಟವಾಗಿದೆ ಎಂದು ನಾನು ತಿಳಿದಿದ್ದೆ. ಆಯಿ ಇಟ್ಟ ಹೆಸರಿರಬೇಕು ಎಂದೂ ತಿಳಿದಿದ್ದೆ.

ನನಗೆ ಹದಿನಾಲ್ಕು, ಸಾಕವ್ವನಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಅವಳು ನನ್ನ ಶಾಯಿಯ ಕುಡಿಕೆಯನ್ನು ಉರುಳಿಸಿದಳು. ವಾರವೆಲ್ಲ ಕೂತು ಬರೆದ ನನ್ನ ಪುಸ್ತಕ ಹಾಳಾಯಿತು. ಹೊಡೆದಿದ್ದರೆ ಅತ್ತು ಮರೆಯುತ್ತಿದ್ದಳೇನೋ. ನಾನು ಹೊಡೆಯಲಿಲ್ಲ, ಮಾತಾಡಿದೆ.

"ನಿನ್ನ ಹೆಸರಿನ ಅರ್ಥ ಗೊತ್ತದ ಏನು? ಸಾಕು ಅಂದ್ರ ಇನ್ನ ಹೆಣ್ಣ ಬ್ಯಾಡ ಅಂತ. ನೀ ಬ್ಯಾಡಾಗಿ ಹುಟ್ಟಿದಾಕಿ."

ಅವಳು ಅಳಲಿಲ್ಲ. ಶಾಯಿ ಹತ್ತಿದ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡು ಹೊರಗೆ ಹೋದಳು. ಅಂದಿನಿಂದ ಸಾಕವ್ವ ಎಂದು ಕರೆದರೆ ತಿರುಗುವುದನ್ನೇ ಬಿಟ್ಟಳು. ನಾಲ್ಕು ನಾಲ್ಕು ಸಲ ಕೂಗಿದರೂ ಓಗೊಡಳು. ಅವಳ ಕಿವಿ ಮಂದವಾಗಿದೆಯೆಂದು ಆಯಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ನಾಲ್ಕು ದಿನ ಎಣ್ಣೆ ಬಿಡಿಸಿಕೊಂಡ ಮೇಲೆ ಸಾಕವ್ವ ಅಪ್ಪನ ಮುಂದೆ ನಿಂತು, ತನ್ನ ಹೆಸರು ಇನ್ನು ಮೇಲೆ ಗಿರಿಜಾ ಆಗಬೇಕೆಂದಳು. ಯಾಕೆ ಎಂದರೆ ಹೇಳಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ಅವಳ ಬಾಯಿಂದ ನನ್ನ ಹೆಸರು ಯಾವಾಗ ಬಂದೀತೋ ಎಂದು ಬೆವರುತ್ತಿದ್ದೆ.

ಅಪ್ಪ ಅರ್ಜಿನವೀಸರು. ತಹಶೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತು, ಓದುಬರಹವಿಲ್ಲದವರ ಅಹವಾಲುಗಳನ್ನು ಉರ್ದುವಿನಲ್ಲಿ ಬರೆದುಕೊಡುವುದು ಅವರ ಕೆಲಸ. ಊರವರ ಅರ್ಜಿಯನ್ನೆಲ್ಲ ಬರೆದವರು ಅಂದು ಮಗಳ ಅರ್ಜಿ ಬರೆದರು. ಇಂಥ ಹುಡುಗಿಯ ಹೆಸರನ್ನು ಶಾಲೆಯ ದಾಖಲೆಯಲ್ಲಿ ಗಿರಿಜಾ ಎಂದು ತಿದ್ದಿಕೊಳ್ಳಬೇಕೆಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಮಡಚಿ ಕೊಟ್ಟರು. ಗಿರಿಜಾ ಎಂದರೆ ಬೆಟ್ಟದ ಮಗಳು, ಪಾರ್ವತಿ. ಅಕ್ಷರವೂ ಮೂರು. ಆಯಿಯ ತಕರಾರೂ ಇರಲಿಲ್ಲ.

ಆದರೆ ಉರ್ದುವಿನಲ್ಲಿ ಒಂದು ತೊಡಕಿದೆ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ನಮ್ಮ ಹೆಸರುಗಳ ಪರಿಚಯವಿದ್ದವರು ಸರಿಯಾಗಿ ತುಂಬಿಕೊಳ್ಳುತ್ತಾರೆ. ಹೆಣ್ಣುಮಕ್ಕಳ ಶಾಲೆಗೆ ಆಗತಾನೇ ಹೈದರಾಬಾದಿನಿಂದ ಬಂದಿದ್ದ ಉಸ್ತಾನಿ, ಅಂದರೆ ಶಿಕ್ಷಕಿ, ಅದನ್ನು ಗಿರ್ಜಾ ಎಂದು ಓದಿದರು. ಉರ್ದುವಿನಲ್ಲಿ ಗಿರ್ಜಾ ಎಂದರೆ ಕ್ರೈಸ್ತರ ಪ್ರಾರ್ಥನಾಮಂದಿರ. ಹುಡುಗಿಗೆ ಇಗರ್ಜಿಯ ಹೆಸರೇಕೆ ಇಟ್ಟರು ಎಂದು ಉಸ್ತಾನಿ ಕೇಳಿದ್ದು ನಿಜವಾದ ಕುತೂಹಲದಿಂದಲೇ. ತರಗತಿಗೆ ಅಷ್ಟು ಸಾಕಾಯಿತು. ನಡುವಿನ ಬಿಡುವಿನಲ್ಲಿ ಹುಡುಗಿಯರು ಅವಳ ಸುತ್ತ ಕೈಮುಗಿದು ನಿಂತು, ನಿನ್ನ ಗಂಟೆ ಎಲ್ಲಿದೆ, ಒಳಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಕೇಳಿದರಂತೆ. ಇದನ್ನು ಗಂಗವ್ವ, ನೀಲವ್ವ ಸಂಜೆ ನಗುತ್ತ ಹೇಳುತ್ತ ಮನೆಗೆ ಬಂದರು. ಸಾಕವ್ವ ಬಿಡುವಿನಲ್ಲೇ ಮನೆಗೆ ಬಂದಿರಬೇಕೆಂದು ಅವರು ತಿಳಿದಿದ್ದರು. ಅವಳು ಬಂದಿರಲಿಲ್ಲ.

ಓಣಿಯ ಮನೆಗಳನ್ನೆಲ್ಲ ಕೇಳಿದ್ದಾಯಿತು. ಶಾಲೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಅಪ್ಪ ಬಜಾರಿನ ಕಡೆ ಓಡಿದರು. ಅವ್ವ ಯಾರೂ ಹೇಳದೆ ಬಾವಿಯ ಕಡೆ ನಡೆದಳು, ನಾನು ಹಿಂದೆ ಹೋದೆ. ಮೊದಲನೆಯ ಬಾವಿಯಲ್ಲಿ ಬಗ್ಗಿ ನೋಡಿದಾಗ ನನ್ನದೇ ಮುಖ ಕಂಡಿತು. ಆ ಮುಖವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೆಸರಿನ ಅರ್ಥವನ್ನು ಅವಳಿಗೆ ಹೇಳಿದವನು ನಾನೇ ಎಂದು ಅಲ್ಲಿಯೇ ಅವ್ವನಿಗೆ ಹೇಳಿಬಿಟ್ಟೆ. ಹೊಡೆಯುತ್ತಾಳೆಂದುಕೊಂಡೆ, ಬೈಯುತ್ತಾಳೆಂದುಕೊಂಡೆ. ಅವ್ವ ನನ್ನ ಕಡೆ ತಿರುಗಲಿಲ್ಲ.

"ಆ ಕಡೀ ಬಾವಿ ನೋಡಿ ಬಾ," ಎಂದಳು ಅಷ್ಟೇ.

ಅಂಥ ಮೂರು ಬಾವಿ ನೋಡಿದೆ. ಇಂದಿಗೂ ನನಗೆ ಬಾವಿಯಲ್ಲಿ ಬಗ್ಗಿ ನೋಡಲಾಗುವುದಿಲ್ಲ.

ಹೊತ್ತು ಮುಳುಗುವ ಮೊದಲೇ ಅಪ್ಪ ಓಡುತ್ತ ಬಂದರು. ಹಳ್ಳಿಖೇಡದಿಂದ ಸಂತೆಗೆ ಬಂದ ರೈತರೊಬ್ಬರು ಅವಳನ್ನು ದಾರಿಯಲ್ಲಿ ನೋಡಿದ್ದರು. ಊರ ಹೊರಗಿನ ಸುಂಕದ ನಾಕಾದ ಆಚೆ, ನಮ್ಮ ಪರಿಚಯದ ಜುಬೇದಾಬಿಯ ಎತ್ತಿನ ಬಂಡಿಯಲ್ಲಿ, ಬಳೆಯ ಬುಟ್ಟಿಗಳ ನಡುವೆ ಕೂತು ಹೋಗುತ್ತಿದ್ದಳಂತೆ. ಬಾವಿಗಳಿಂದ ಹಿಂದಿರುಗಿದ್ದ ಅವ್ವ ಹೊಸ್ತಿಲ ಮೇಲೆಯೇ ಕೂತಳು. ಆಯಿ, ಜುಬೇದಾನ ಬಂಡಿಯೇ ಹೌದಲ್ಲ ಎಂದು ಮೂರು ಸಲ ಕೇಳಿದಳು. ನಾನು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಹಚ್ಚಿ ಅತ್ತೆ. ಅಳುವಿನಲ್ಲಿ ಅಷ್ಟು ಸುಖವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜುಬೇದಾಬಿ ಕಲ್ಯಾಣಿಯ ಬಳೆಗಾರ್ತಿ. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಅವ್ವನ ತವರೂರು. ಅಲ್ಲಿ ಅವ್ವನ ತಾಯಿಯ ಮನೆಗೂ ಜುಬೇದಾಬಿಯ ಮನೆಗೂ ನಡುವೆ ಒಂದೇ ಗೋಡೆ. ಪ್ರತಿ ಸಂತೆಗೂ ಹುಮನಾಬಾದಿಗೆ ಬಂದಾಗ ನಮ್ಮ ಮನೆಗೆ ಬಂದು ಹುಡುಗಿಯರಿಗೆ ಬಳೆ ತೊಡಿಸುತ್ತಿದ್ದಳು. ಸಾಕವ್ವನ ಕೈಯನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದು, ಎರಡು ಬಳೆ ಹೆಚ್ಚಿಗೆ ತೊಡಿಸುವಳು. ಚಿಕ್ಕವಳೆಂಬ ಮುದ್ದು ಎಂದು ನಾವು ತಿಳಿದಿದ್ದೆವು.

ಮರುದಿನ ಬೆಳಗಿನ ಮೊದಲ ಮೋಟಾರಿಗೆ ಅಪ್ಪ ಮತ್ತು ನಾನು ಕಲ್ಯಾಣಿಗೆ ಹೋದೆವು. ಕೋಟೆಯ ಕೆಳಗಿನ ಓಣಿಯಲ್ಲಿ, ಜುಬೇದಾಬಿಯ ಕಟ್ಟೆಯ ಮೇಲೆ ಸಾಕವ್ವ ಕೂತಿದ್ದಳು. ಹಸಿರು ಬಳೆಯನ್ನು ಒಂದು ಕಡೆ, ಕೆಂಪು ಬಳೆಯನ್ನು ಒಂದು ಕಡೆ ಜೋಡಿಸುತ್ತಿದ್ದಳು. ಅವ್ವನೇ ಕಳಿಸಿದ್ದಾಳೆ ಎಂದು ಸುಳ್ಳು ಹೇಳಿ ಬಂಡಿ ಹತ್ತಿದ್ದಳು. ನಮ್ಮ ಮುಖ ನೋಡಿದಾಗಲೇ ಜುಬೇದಾಬಿಗೆ ಅದು ತಿಳಿದದ್ದು. ಬೈಯಲು ಬಾಯಿ ತೆರೆದವಳು ಅಪ್ಪನ ಕಣ್ಣು ನೋಡಿ, ಗೋಡೆಯಾಚೆಯ ಅಜ್ಜಿಯನ್ನು ಕೂಗಿದಳು.

ಕಲ್ಯಾಣಿಯ ಅಜ್ಜಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಹಿಂದಿನ ರಾತ್ರಿ ಬಂದಿಳಿದ ಕೂಡಲೇ ಸಾಕವ್ವ ಆಕೆಗೆ ಒಂದೇ ಪ್ರಶ್ನೆ ಕೇಳಿದ್ದಳಂತೆ. ನಿನ್ನ ಅಪ್ಪ ನಾಳೆ ಹುಡುಕಿಕೊಂಡು ಬರುತ್ತಾನೆ, ಅವನ ಎದುರಿಗೇ ಹೇಳುತ್ತೇನೆ ಎಂದು ಅಮ್ಮ ಊಟಕ್ಕೆ ಹಾಕಿ ಮಲಗಿಸಿದ್ದಳು. ಈಗ ಅಪ್ಪನಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂಡಿಸಿ, ಸಾಕವ್ವನಿಗೆ ಈಗ ಕೇಳು ಎಂದಳು.

"ಅಮ್ಮಾ, ನಾ ಬ್ಯಾಡಾಗಿದ್ದೆನೇನು?" ಎಂದಳು ಸಾಕವ್ವ.

ಅಮ್ಮ ಇಲ್ಲ ಎಂದು ಮುಚ್ಚಿಹಾಕಲಿಲ್ಲ. ಮೂರನೆಯದೂ ಹೆಣ್ಣೆಂದು ಕೇಳಿ ನಮ್ಮ ಆಯಿ ಹುಮನಾಬಾದಿನಿಂದ ಬಂದು, ಇದೇ ಬಾಗಿಲಲ್ಲಿ ನಿಂತು, ಸಾಕು ಎಂದದ್ದು ನಿಜ ಎಂದಳು. ತೊಟ್ಟಿಲವರೆಗೆ ಬಾರದೆಯೇ ಆಯಿ ಹಿಂದಿರುಗಿದ್ದಳು. ಅವ್ವನಿಗೆ ಬಾಣಂತಿ ಜ್ವರ ಏರಿತ್ತು, ಎದೆಯಲ್ಲಿ ಹಾಲಿರಲಿಲ್ಲ. ಕೂಸು ಅಳಲೂ ಶಕ್ತಿಯಿಲ್ಲದೆ ಬಿದ್ದಿತ್ತು. ಗೋಡೆಯ ಆಚೆಯ ಜುಬೇದಾಬಿಗೆ ಮೂರು ತಿಂಗಳ ಕೂಸಿತ್ತು. ಅವಳು ಯಾರೂ ಕರೆಯದೆ ಬಂದು ಈ ಕೂಸನ್ನೂ ಮಡಿಲಿಗೆ ಹಾಕಿಕೊಂಡಳು. ಹದಿನಾಲ್ಕು ತಿಂಗಳು ಸಾಕವ್ವ ಈ ಎರಡು ಮನೆಯ ನಡುವೆಯೇ ಬೆಳೆದಳು.

"ಹೆಸರ ಇಡೋ ದಿನ ಬೀಗ್ತಿ ಬಂದ್ಳು," ಎಂದಳು ಅಮ್ಮ. "ನಾ ಅಕಿಗಿ ಹೇಳಿದೆ. ನೀವು ಬಾಗಲದಾಗ ನಿಂತು ಸಾಕು ಅಂದ್ರಿ. ನಾನೂ ಹ್ಞೂಂ ಅಂದೆ. ಕೂಸಿನ್ನ ನಾ ಸಾಕಾಕತ್ತೇನಿ, ಜುಬೇದಾ ಸಾಕಾಕತ್ತಾಳ. ಅದಕ್ಕ ಇಕಿ ಸಾಕವ್ವ. ಬೆರಳ ಎಣಿಸಿ ನೋಡ್ರಿ, ಮೂರ ಅಕ್ಷರ ಅದಾವ."

ಲೆಕ್ಕ ಸರಿಯಾಗಿದ್ದುದರಿಂದ ಆಯಿ ತಕರಾರಿಲ್ಲದೆ ತೊಟ್ಟಿಲು ತೂಗಿದಳಂತೆ.

ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಊರಿನ ಎಲ್ಲರ ಪರವಾಗಿ ಪುಟಗಟ್ಟಲೆ ಬರೆಯುವವರ ಬಾಯಿಂದ ಹೊರಟದ್ದು ಒಂದೆರಡೇ ಸಾಲು.

"ಅವತ್ತು ನಾನೂ ಬಾಗಲದಾಗ ಇದ್ದೆ, ಸಾಕೂ. ಸುಮ್ಮ ನಿಂತೆ. ಅದು ನನ್ನ ತಪ್ಪು," ಎಂದರು.

ಸಾಕವ್ವ ಜುಬೇದಾಬಿಯ ಕಡೆ ತಿರುಗಿ, ಹಾಲು ಕುಡಿಸಿದ್ದು ಖರೆಯೇ ಎಂದು ಕೇಳಿದಳು. ಖರೆ, ನೀನು ಭಾಳ ಕಚ್ಚುತ್ತಿದ್ದೆ ಎಂದಳು ಜುಬೇದಾಬಿ. ಆಗ ಸಾಕವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ನಕ್ಕ ಮೇಲೆ ಬಂದು ಅಪ್ಪನ ಪಕ್ಕದಲ್ಲಿ ಕಂಬಳಿಯ ಮೇಲೆ ಕೂತಳು. ಜುಬೇದಾ ಎಂದರೆ ಅರಬ್ಬಿಯಲ್ಲಿ ಬೆಣ್ಣೆಗೆ, ಕೆನೆಗೆ ಸಂಬಂಧಪಟ್ಟ ಮಾತು ಎಂದು ನಾನು ದೊಡ್ಡವನಾದ ಮೇಲೆ ಓದಿದೆ. ಅಕ್ಷರ ಎಣಿಸುವ ಅಗತ್ಯ ಆ ಹೆಸರಿಗೆ ನನಗೆಂದೂ ಕಂಡಿಲ್ಲ.

ಹಿಂದಿರುಗುವಾಗ ಮೋಟಾರಿನಲ್ಲಿ ನಾನು ಸಾಕವ್ವನಿಗೆ ತಪ್ಪಾಯಿತು ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ, "ನಿನಗ ಅರ್ಧ ಅರ್ಥ ಅಷ್ಟ ಗೊತ್ತಿತ್ತು ಅಣ್ಣಾ," ಎಂದಳು. ಮುಂದೆ ಮೂವತ್ತು ವರ್ಷ ನಾನು ಶಾಲೆಯಲ್ಲಿ ಕನ್ನಡ ಕಲಿಸಿದೆ. ನನ್ನ ಕನ್ನಡದ ಬಗ್ಗೆ ಅಷ್ಟು ನಿಖರವಾದ ವಿಮರ್ಶೆಯನ್ನು ಯಾವ ತಪಾಸಣಾಧಿಕಾರಿಯೂ ಬರೆಯಲಿಲ್ಲ.

ಮನೆಯಲ್ಲಿ ಆಯಿ ಸಾಕವ್ವನನ್ನು ಎದುರಿಗೆ ಕೂಡಿಸಿಕೊಂಡು, ದಾರಿಯ ಧೂಳು ತುಂಬಿದ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಲು ನಿಧಾನವಾಗಿ ಬಾಚಿದಳು. ಎರಡು ಜಡೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

ಮರುದಿನ ಶಾಲೆಯಲ್ಲಿ ಹಾಜರಿ ಕೂಗುವಾಗ ಸಾಕವ್ವ ಎದ್ದು ನಿಂತು, ತನ್ನ ಹೆಸರು ಗಿರಿಜಾ ಅಲ್ಲ, ಸಾಕವ್ವ ಎಂದಳಂತೆ. ಇದಕ್ಕೇನು ಅರ್ಥ ಎಂದು ಉಸ್ತಾನಿ ಕೇಳಿದರು. ತರಗತಿ ನಗಲು ಸಿದ್ಧವಾಗಿ ಕೂತಿತ್ತು. ಇಬ್ಬರು ಸೇರಿ ಸಾಕಿದ ಹುಡುಗಿ ಎಂದು ಅವಳು ತನಗೆ ಬಂದ ಹರಕು ಉರ್ದುವಿನಲ್ಲಿ ಹೇಳಿದಳು. ಉಸ್ತಾನಿ ದಾಖಲೆಯಲ್ಲಿ ಹೆಸರು ತಿದ್ದಿ, ಲೇಖಣಿ ಕೆಳಗಿಟ್ಟು, ತಮ್ಮ ಹೆಸರಿನ ಅರ್ಥ ಯಾರಿಗಾದರೂ ಗೊತ್ತೇ ಎಂದು ತರಗತಿಯನ್ನು ಕೇಳಿದರು. ಅವರ ಹೆಸರು ಕನೀಜ. ಯಾರಿಗೂ ಗೊತ್ತಿರಲಿಲ್ಲ. ಕನೀಜ ಎಂದರೆ ದಾಸಿ ಎಂದರು ಅವರು. ಹಾಗೆಂದವರು, ಇನ್ನು ನಲವತ್ತು ಜನರೂ ಎದ್ದು ನಿಂತು ಮಗ್ಗಿ ಹೇಳಿ ಎಂದು ಅಪ್ಪಣೆ ಮಾಡಿದರು. ನಲವತ್ತು ಹುಡುಗಿಯರೂ ತಟ್ಟನೆ ಎದ್ದು ನಿಂತರು.

ಸಾಕವ್ವ ಇದನ್ನು ಊಟಕ್ಕೆ ಕೂತಾಗ, ಉಸ್ತಾನಿಯ ಹಾಗೆಯೇ ಕತ್ತು ಎತ್ತಿ ಅಭಿನಯಿಸಿ ತೋರಿಸಿದಳು. ಅಪ್ಪ ನಕ್ಕರು, ಅವ್ವ ನಕ್ಕಳು. ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಇಳಿಸಿಟ್ಟಂತಾಗಿ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಈಗ ಯಾರಾದರೂ, ನೀವು ಕನ್ನಡ ಮಾಸ್ತರರಲ್ಲವೇ, ನಮ್ಮ ಮೊಮ್ಮಗಳ ಹೆಸರಿಗೆ ಏನರ್ಥ ಎಂದು ಕೇಳಿಕೊಂಡು ಬಂದರೆ ನಾನು ಕೂಡಲೇ ಬಾಯಿ ತೆರೆಯುವುದಿಲ್ಲ. ಕೂಸಿಗೆ ಎಷ್ಟು ತಿಂಗಳು ಎಂದು ಕೇಳುತ್ತೇನೆ. ಆರು ತಿಂಗಳು ಎನ್ನುತ್ತಾರೆ. ಹಾಗಾದರೆ ಇಷ್ಟು ಅವಸರವೇಕೆ, ಇನ್ನೊಂದಿಷ್ಟು ವರ್ಷ ತಡೆದು ಅವಳನ್ನೇ ಕೇಳಿ ಎಂದು ಚಹಾ ಕೊಟ್ಟು ಕಳಿಸುತ್ತೇನೆ.