ಫೋಟೋಗೆ ಕೂತ ಬೀದಿ

ಚಿಂತಾಮಣಿಯ ನಮ್ಮ ಎದುರುಮನೆ ಅಜ್ಜಿಗೆ ನಾನು ಶಾಲೆಯಿಂದ ತಂದ ಚಿತ್ರಪುಸ್ತಕ ತೋರಿಸುತ್ತಿದ್ದೆ. ಅದರ ತುಂಬ ಇಂಗ್ಲೆಂಡಿನ ಹಳೆಯ ಕಟ್ಟಡಗಳು, ಖಾಲಿ ಬೀದಿಗಳು. ಪ್ರತಿ ಹಾಳೆಗೂ ಅವರು ಬೆರಳಿಟ್ಟು, "ಮನೆ ಚೆನ್ನಾಗೈತೆ. ಜನ ಯಾರೂ ಇಲ್ವಲ್ಲಮ್ಮ?" ಎನ್ನುತ್ತಿದ್ದರು.

ರಸ್ತೆ ಅಗಲ ಮಾಡಲು ನಮ್ಮ ಬೀದಿಯ ಜಗಲಿಗಳನ್ನೆಲ್ಲ ಒಡೆಯುವುದೆಂದಾಯಿತು. ಅದಕ್ಕೆ ಮೊದಲು ಹಳೆಯ ಮನೆಗಳ ಚಿತ್ರ ತೆಗೆಯಲು ಬಂದ ಫೋಟೋದವನು, "ಎಲ್ಲಾ ಒಳಗೆ ಹೋಗ್ರಮ್ಮ, ಮನೆ ಮಾತ್ರ ಬರ್ಬೇಕು" ಎಂದ.

ಅಜ್ಜಿ ಜಗಲಿ ಬಿಟ್ಟು ಏಳಲಿಲ್ಲ. "ಬನ್ರೇ ಎಲ್ಲಾ! ನಾವು ಇಲ್ಲಿ ಕೂತಿದ್ದಿದ್ದು ಕಾಣ್ಲಿ" ಎಂದು ಬೀದಿಗೇ ಕೇಳುವಂತೆ ಕೂಗಿದರು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಫೋಟೋದವನು ನಕ್ಕು, ಎಲ್ಲರನ್ನೂ ಸೇರಿಸಿಯೇ ತೆಗೆದ.

ಜಗಲಿಗಳು ಹೋದವು. ಮಾರನೆಯ ದಿನವೇ ಅಜ್ಜಿ ಒಡೆದ ಚಪ್ಪಡಿಯೊಂದನ್ನು ಬಾಗಿಲ ಪಕ್ಕಕ್ಕೆ ಎಳೆಸಿ, ಅರ್ಧ ಜಾಗ ಬಿಟ್ಟು ಕೂತು, ಅಮ್ಮನನ್ನು ಕರೆದರು: "ಹೂವ ತಗೊಂಡು ಬಾರೇ, ಕಟ್ಟಣ."