ಅಮಾತೆಪ್ಪನ ಹವಾಮಾನ

ಹುಣಸಗಿಯಿಂದ ಸುರಪುರದ ಕಡೆ ಬಸ್ಸು ಹತ್ತಿದರೆ, ಕಾಲುವೆ ದಾಟಿದ ಮೇಲೆ ಎಡಗಡೆಗೆ ಭಾಗಣ್ಣನ ಮೆಣಸಿನಕಾಯಿ ಹೊಲ ಸಿಗುತ್ತದೆ. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆ ಹೊಲದಲ್ಲಿ ಅಮಾತೆಪ್ಪನ ಕರಿಕುರಿಗಳು ಬೀಡು ಬಿಟ್ಟಿರುತ್ತವೆ. ಕುರಿ ತಂಗಿದರೆ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ. ಇದು ಆ ಸೀಮೆಯ ಹಳೇ ಒಪ್ಪಂದ. ಕುರಿ ಹಿಂಡಿನವರು ಆ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೂ ಭಾಗಣ್ಣ ಅಮಾತೆಪ್ಪನನ್ನೇ ಕಾದು ಕೂತು ಕರೆಸಿಕೊಳ್ಳುತ್ತಾನೆ.

ಅಮಾತೆಪ್ಪನಿಗೆ ಅರವತ್ತು ದಾಟಿದೆ. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಮುಖದ ಮೇಲೆ ತಾನು ತಪ್ಪಿರಬಹುದೆಂಬ ಅನುಮಾನ ಎಂದೂ ಸುಳಿಯದ ಗತ್ತು. ಓರಗೆಯವರೆಲ್ಲ ಉಣ್ಣೆಯ ತಂಟೆಯೇ ಬೇಡವೆಂದು ಬೋಳು ಮೈಯ ಕೆಂಗುರಿ ಕಟ್ಟಿದರು. ಇವನು ಮಾತ್ರ, "ಉಣ್ಣಿ ಇಲ್ಲದ್ದಕ್ಕ ನಾ ಯಾಕ ಕುರಿ ಅನ್ಲಿ?" ಎಂದು ಕರಿಕುರಿಯನ್ನೇ ಹಿಡಿದು ಕೂತ. ಕೂತರೆ ಕೂತ, ಯಾರಪ್ಪನ ಗಂಟೇನು ಹೋಯಿತು! ಆದರೆ ಅವನ ಅಸಲಿ ಹೆಮ್ಮೆ ಕುರಿಯೂ ಅಲ್ಲ, ಉಣ್ಣೆಯೂ ಅಲ್ಲ. ಹವಾಮಾನ.

ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ದೊಡ್ಡ ಟಗರಿನ ಹತ್ತಿರ ಹೋಗುತ್ತಾನೆ. ಅದರ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು, ಬೆರಳಲ್ಲಿ ಹೊಸೆದು, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾನೆ. ಕಣ್ಣು ತೆರೆದಾಗ ಮಳೆಯೋ ಬಿಸಿಲೋ ಇತ್ಯರ್ಥವಾಗಿರುತ್ತದೆ. ಅಮಾತೆಪ್ಪ ಅದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಸಾರಿಬಿಡುತ್ತಾನೆ.

ಅದು ತಪ್ಪಾಗಿರುತ್ತದೆ. ಒಂದೊಂದು ಸಲ ಅಲ್ಲ ಮಾರಾಯರೇ, ಪ್ರತಿ ಸಲವೂ. ಇವನು ಬಿಸಿಲೆಂದರೆ ಸಂಜೆಯೊಳಗೆ ಮೋಡ ಮುಸುಕುತ್ತದೆ, ಮಳೆಯೆಂದರೆ ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗುತ್ತದೆ. ಮನುಷ್ಯಮಾತ್ರರಿಗೆ ಇಷ್ಟು ನೇಮದಿಂದ ತಪ್ಪಲು ಸಾಧ್ಯವೇ ಎಂದು ನೀವು ಕೇಳಬಹುದು. ಭಾಗಣ್ಣನೂ ಮೊದಮೊದಲು ಹಾಗೇ ಕೇಳಿದ. ಆಮೇಲೆ ಜಾಣನಾದ. ಅವನ ಮೊಬೈಲು ಹೇಳುವ ಹವಾಮಾನ ಅರ್ಧ ಸಲ ಖರೆ, ಅರ್ಧ ಸಲ ಸುಳ್ಳು. ಅದನ್ನು ಕಟ್ಟಿಕೊಂಡು ಯಾರು ಏನು ಮಾಡಬೇಕು? ಅಮಾತೆಪ್ಪನದು ಹಾಗಲ್ಲ. ಅವನ ಮಾತನ್ನು ತಿರುಗಿಸಿ ಹಿಡಿದರೆ ಕಣ್ಣು ಮುಚ್ಚಿ ನಂಬಬಹುದು.

ಪಕ್ಕದಲ್ಲೇ ಇಟ್ಟಂಗಿ ಭಟ್ಟಿ ನಡೆಸುವ ಲಾಡ್ಲೇಸಾಬನಿಗೂ ಈ ಗುಟ್ಟು ಗೊತ್ತಿತ್ತು. ಹಸಿ ಇಟ್ಟಂಗಿಯ ಮೇಲೆ ಮಳೆ ಬಿದ್ದರೆ ಮತ್ತೆ ಮಣ್ಣೇ. ಹೀಗಾಗಿ ಅವನು ದಿನಾ ಅಮಾತೆಪ್ಪನಿಗೆ ಚಹಾ ಕುಡಿಸಿ, "ನಾಳಿ ಹೆಂಗ ಐತಿ ಅಣ್ಣಾ?" ಎಂದು ಕೈಕಟ್ಟಿ ಕೇಳುತ್ತಿದ್ದ. ಉತ್ತರ ಸಿಕ್ಕ ಕೂಡಲೇ ಹೋಗಿ ಅದರ ಉಲ್ಟಾ ಮಾಡುತ್ತಿದ್ದ. ಅಮಾತೆಪ್ಪನ ಮುಂದೆ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾಗಿ ಅವನು ಹುಷಾರಾಗಿಬಿಟ್ಟರೆ ಮುಂದಿನ ಗತಿಯೇನು?

ಈ ವರ್ಷ ಶಿವರಾತ್ರಿ ಇನ್ನೂ ದೂರವಿರುವಾಗಲೇ ಚಳಿ ಗಂಟುಮೂಟೆ ಕಟ್ಟಿತು. ಮಧ್ಯಾಹ್ನ ಕುರಿಗಳು ತೇಕತೊಡಗಿದವು. ಅಮಾತೆಪ್ಪ ಟಗರಿನ ಉಣ್ಣೆ ಮೂಸಿ, "ಚಳಿ ಹೋತು. ಇನ್ನ ಎಂಟ ದಿನ ಒಂದ ಹನಿ ಮಳಿ ಇಲ್ಲ. ಕತ್ತರಿ ಹಾಕಿಸೂದ" ಎಂದ.

ಭಾಗಣ್ಣ ಆ ಮಾತನ್ನು ತಿರುಗಿಸಿ ನೋಡಿದ. ಮಳೆ ಖಾತ್ರಿ. ಉಣ್ಣೆ ಕತ್ತರಿಸಿದ ಕುರಿ ಶೀತಗಾಳಿಗೆ, ಮಳೆಗೆ ಸಿಕ್ಕರೆ ಸೆಟೆದು ಸತ್ತೇ ಹೋಗುತ್ತದೆ. ಅಮಾತೆಪ್ಪನ ಆಸ್ತಿ ಅಂತಸ್ತು ಎಲ್ಲಾ ಆ ಹಿಂಡೇ. ಖರೆ ಹೇಳಲೂ ಆಗದೆ, ಸುಮ್ಮನಿರಲೂ ಆಗದೆ ಅವನು, "ಕಾಕಾ, ಇನ್ನೊಂದ ವಾರ ತಡೀಬಾರದೇನು?" ಎಂದು ಗೊಣಗಿದ.

"ನೀ ಮೆಣಸಿನಕಾಯಿ ನೋಡ್ಕೋ ಹೋಗಪಾ. ಕುರಿ ನಂಗ ಬಿಡು."

ಭಾಗಣ್ಣ ಅವತ್ತೇ ಒಣಹಾಕಿದ ಮೆಣಸಿನಕಾಯಿಯನ್ನು ಚೀಲ ತುಂಬಿಸಿ ಒಳಗೆ ಹಾಕಿಸಿದ. ಲಾಡ್ಲೇಸಾಬ ಇಟ್ಟಂಗಿ ಮುಚ್ಚಿದ.

ಮರುದಿನ ಸುರಪುರದ ಕಡೆಯಿಂದ ಬೀಗರು ಕತ್ತರಿ ಹಿಡಿದು ಬಂದರು. ಈ ಕೆಲಸಕ್ಕೆ ಕೂಲಿಯಿಲ್ಲ. ಅವರ ಕುರಿಗೆ ಇವರು, ಇವರ ಕುರಿಗೆ ಅವರು. ಕಾಲುವೆಯಲ್ಲಿ ಕುರಿಗಳ ಮೈ ತೊಳೆದು, ಮೊದಲ ಕುರಿಗೆ ಭಂಡಾರ ಹಚ್ಚಿ ಕತ್ತರಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಹಿಂಡು ಬೋಳಾಗಿತ್ತು. ಕೂಲಿ ಇಲ್ಲದಿದ್ದರೂ ಒಂದು ಪದ್ಧತಿ ಮಾತ್ರ ಬಿಡುವಂತಿಲ್ಲ. ಕತ್ತರಿ ಹಿಡಿದವರಿಗೆ ಹೋಳಿಗೆ, ತುಪ್ಪದ ಊಟ ಹಾಕಲೇಬೇಕು. ಸಿಹಿ ಉಣ್ಣದೆ ಅವರು ಮತ್ತೆ ಕತ್ತರಿ ಮುಟ್ಟುವುದಿಲ್ಲ.

ಅಮಾತೆಪ್ಪನ ಹೆಂಡತಿ ಗೊಲ್ಲಾಳಮ್ಮ ಎಲ್ಲರ ಮುಂದೆ ತಾಟು ಇಟ್ಟಳು. ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ.

ಬೀಗರು ತಾಟು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಮರ್ಯಾದಸ್ಥರು, ಒಂದು ಮಾತೂ ಆಡದೆ ರೊಟ್ಟಿ ಮುರಿದು ತಿಂದು ಕೈ ತೊಳೆದರು. ಆಮೇಲೆ ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡು, "ಇನ್ನೊಂದ ದಿನ ಬರ್ತೀವಿ ಬಿಡ್ರಿ" ಎಂದು ಬಸ್ಸು ಹತ್ತಿದರು.

ಅಮಾತೆಪ್ಪನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. "ಬೀಗರ ಮುಂದ ನನ್ನ ಮಾನ ತಗದಿ. ಹೋಳಿಗಿ ಯಾಕ ಮಾಡ್ಲಿಲ್ಲ?"

"ಬೆಲ್ಲ ತೀರಿತ್ತರಿ" ಎಂದಳು ಗೊಲ್ಲಾಳಮ್ಮ, ತಾಟು ತಿಕ್ಕುತ್ತ.

ಅವತ್ತು ಅವನು ಸಿಟ್ಟಿಗೆ ಊಟ ಬಿಟ್ಟ. ಅವಳು ಪಾಲಿಗೆ ಬಂದದ್ದನ್ನೆಲ್ಲ ಉಂಡಳು.

ಮರುದಿನ ಮಧ್ಯಾಹ್ನ ಬಡಗಣ ಗಾಳಿ ತಿರುಗಿತು. ನೋಡನೋಡುತ್ತಿದ್ದಂತೆ ಮೋಡ ಕವಿದು, ಸೂಜಿ ಚುಚ್ಚಿದ ಹಾಗೆ ಚಳಿಮಳೆ ಹಿಡಿಯಿತು. ಬೋಳು ಕುರಿಗಳು ಬೆನ್ನು ಬಿಲ್ಲು ಮಾಡಿ ಗಡಗಡ ನಡುಗಿದವು. ಎರಡು ಆಗಲೇ ಮೊಣಕಾಲೂರಿದವು. ಅಮಾತೆಪ್ಪನ ಗತ್ತೆಲ್ಲ ಕೊಚ್ಚಿಹೋಯಿತು. ಹೆಗಲ ಕಂಬಳಿಯನ್ನು ಒಂದರ ಮೇಲೆ ಹಾಕಿದ, ರುಮಾಲು ಬಿಚ್ಚಿ ಇನ್ನೊಂದಕ್ಕೆ ಸುತ್ತಿದ, ಆಮೇಲೆ ಕೊಡಲು ಮೈಮೇಲೆ ಏನೂ ಉಳಿಯದೆ ಮಳೆಯಲ್ಲಿ ನಿಂತು ಅತ್ತ. ತನ್ನ ಕೈಯಾರೆ ಕೊಂದೆನಲ್ಲ ಎಂದು ಹಲುಬಿದ.

ಗೊಲ್ಲಾಳಮ್ಮ ಅಳುತ್ತ ನಿಲ್ಲಲಿಲ್ಲ. ಬೋಳು ಕುರಿಗಳನ್ನೆಲ್ಲ ನಡುವೆ ಒತ್ತಿ, ಉಣ್ಣೆಯಿದ್ದವನ್ನು ಸುತ್ತಲೂ ಗೋಡೆಯ ಹಾಗೆ ನಿಲ್ಲಿಸುತ್ತಿದ್ದಳು. "ಹಗ್ಗ ತರ್ರಿ" ಎಂದು ಕೂಗಿದಳು. ಅಮಾತೆಪ್ಪ ಓಡಿಹೋಗಿ ಸಾಮಾನಿನ ಗಂಟು ಬಿಚ್ಚಿದರೆ, ಹಗ್ಗದ ಕೆಳಗೆ ಬೆಲ್ಲದ ಪೆಂಟೆ. ಮುಟ್ಟದೆ ಇಟ್ಟದ್ದು. ಪಕ್ಕದಲ್ಲಿ ತುಪ್ಪದ ಡಬ್ಬಿ. ಅವನು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಬೆಲ್ಲ ಹಿಡಿದು ಬಂದ.

"ಇದೇನು?"

"ಬೆಲ್ಲ. ಮೊದಲ ಹಗ್ಗ ಕೊಡ್ರಿ."

ಅಷ್ಟರಲ್ಲಿ ಭಾಗಣ್ಣ ಲಾಡ್ಲೇಸಾಬನನ್ನೂ ಕೂಡಿಸಿಕೊಂಡು ಟ್ರ್ಯಾಕ್ಟರಿನಲ್ಲಿ ತಾಡಪಾಲು ತಂದ. ಮೆಣಸಿನಕಾಯಿ ಒಣಗಿಸಲು ನೆಲಕ್ಕೆ ಹಾಸುತ್ತಿದ್ದ ತಾಡಪಾಲು. ನಾಲ್ವರೂ ಅದನ್ನು ಹಿಂಡಿನ ಮೇಲೆ ಎಳೆದು ಕಟ್ಟಿ ತಾವೂ ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಖಾರದ ಘಾಟು ಎದ್ದಿತು. ಮೊದಲು ಟಗರು ಸೀನಿತು, ಆಮೇಲೆ ಇಡೀ ಹಿಂಡೇ ಸೀನಲು ಹತ್ತಿತು. ಕುರಿ ಸೀನಿದರೆ ಭಾಗಣ್ಣ ಸೀನುವನು, ಭಾಗಣ್ಣ ಸೀನಿದರೆ ಮರಿ. ಮೊಣಕಾಲೂರಿದ್ದ ಎರಡೂ ಸೀನಿ ಸೀನಿ ಎದ್ದೇ ನಿಂತವು. ಸಂಜೆ ಮಳೆ ನಿಂತಾಗ ಹಿಂಡಿನಲ್ಲಿ ಒಂದೂ ಸತ್ತಿರಲಿಲ್ಲ.

ಅಮಾತೆಪ್ಪ ಮೂಗು ಒರೆಸಿಕೊಂಡು, "ಭಾಗಣ್ಣ, ನಿನ್ನ ಮೆಣಸಿನಕಾಯಿ ತೊಯ್ದು ಹೋತಲ್ಲೋ" ಎಂದ.

"ಇಲ್ಲ ಕಾಕಾ. ಮೊನ್ನೆನ ಚೀಲ ತುಂಬಿ ಒಳಗ ಹಾಕಿಸೀನಿ."

"ಯಾಕ? ನಾ ಮಳಿ ಇಲ್ಲ ಅಂದಿದ್ನಲ್ಲ."

ಭಾಗಣ್ಣ ತಾಡಪಾಲಿನ ಹಗ್ಗ ಬಿಚ್ಚಲು ಬಗ್ಗಿದ. ಲಾಡ್ಲೇಸಾಬ ಸೀನು ತಡೆಯಲು ಹೋಗಿ ಮಾತು ತಡೆಯಲಾರದೆ, "ಅದಕ್ಕ ಅಣ್ಣಾ" ಎಂದುಬಿಟ್ಟ.

ಅಮಾತೆಪ್ಪ ಅವನನ್ನು ನೋಡಿದ, ಭಾಗಣ್ಣನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಇಷ್ಟು ವರ್ಷ ಕುಡಿದ ಚಹಾದ ಅರ್ಥ ಅವನಿಗೆ ಈಗ ಆಯಿತು.

"ನಿನಗೂ ಗೊತ್ತಿತ್ತೇನು?"

"ಲಗ್ನಾದ ವರ್ಷದಿಂದ ಗೊತ್ತೈತಿ" ಎಂದಳು ಗೊಲ್ಲಾಳಮ್ಮ. "ನೀವು ಕತ್ತರಿ ಅಂದ್ರಿ, ನಾ ಹೋಳಿಗಿ ಬಿಟ್ಟೆ. ಅರ್ಧ ಹಿಂಡಿನ ಮೈಮ್ಯಾಲರ ಉಣ್ಣಿ ಉಳೀಲಿ ಅಂತ."

"ಅಂದ್ರ ನನ್ನ ಮಾತ ಯಾರೂ ಕೇಳಂಗಿಲ್ಲ."

"ಕೇಳಂಗಿಲ್ಲ ಅಂತ ಯಾರ ಅಂದಾರ? ನಿಮ್ಮ ಮಾತ ಕೇಳೇ ನಾ ಸಂಸಾರ ಮಾಡೀನಿ. ತಿರುಗಿಸಿ ಕೇಳೀನಿ, ಅಷ್ಟ. ಯಾರ ಗಂಡನ ಮಾತು ಇಷ್ಟು ಖಾತ್ರಿ ಇರ್ತದ?"

ಅವಳು ಕುಚೋದ್ಯಕ್ಕೆ ಅಂದಿರಲಿಲ್ಲ. ಆದರೂ ಅಮಾತೆಪ್ಪ ಮುಖ ಊದಿಸಿಕೊಂಡ. ಟಗರಿನ ಹತ್ತಿರ ಹೋಗಲಿಲ್ಲ, ಮಳೆಯ ಮಾತೆತ್ತಲಿಲ್ಲ. ಅವನು ಬಾಯಿ ಮುಚ್ಚಿದ್ದೇ ತಡ, ಸುತ್ತಲಿನವರ ಕೈಕಾಲು ಆಡದಾಯಿತು. ಲಾಡ್ಲೇಸಾಬ ಇಟ್ಟಂಗಿ ಬಿಚ್ಚಿದ, ಮತ್ತೆ ಮುಚ್ಚಿದ, ಮತ್ತೆ ಬಿಚ್ಚಿದ. ಭಾಗಣ್ಣ ಮೊಬೈಲು ನೋಡಿ ನೋಡಿ ಬೈಯುತ್ತಿದ್ದ.

ಬಿಸಿಲು ಮತ್ತೆ ಏರಿದ ಮೇಲೆ ಗೊಲ್ಲಾಳಮ್ಮ ತಾನೇ ಹೇಳಿಕಳಿಸಿ ಬೀಗರನ್ನು ಮತ್ತೆ ಕರೆಸಿದಳು. ಬೆಳಿಗ್ಗೆಯೇ ಹೂರಣ ಕುದಿಯತೊಡಗಿತು. ಆದರೆ ಬೀಗರು ಕತ್ತರಿ ಹೊರಗೆ ತೆಗೆಯದೆ ಕೂತರು. ನಡೆದದ್ದು ಅವರಿಗೂ ಮುಟ್ಟಿತ್ತು. ಉಳಿದ ಅರ್ಧ ಹಿಂಡು ಮೈತುಂಬ ಉಣ್ಣೆ ಹೊತ್ತು ಬಿಸಿಲಲ್ಲಿ ತೇಕುತ್ತಿತ್ತು. ಕತ್ತರಿಸಿದ ಮೇಲೆ ಮಳೆ ಬಂದರೆ, ಈ ಸಲ ಸುತ್ತ ನಿಲ್ಲಲು ಉಣ್ಣೆಯ ಕುರಿ ಒಂದೂ ಇರುವುದಿಲ್ಲ. ಭಾಗಣ್ಣ, ಲಾಡ್ಲೇಸಾಬ ಬದುವಿನ ಮೇಲೆ ಬಂದು ನಿಂತರು. ಎಲ್ಲರೂ ಅಮಾತೆಪ್ಪನ ಬಾಯಿಯನ್ನೇ ನೋಡುತ್ತಿದ್ದರು.

ಅಮಾತೆಪ್ಪ ಎದ್ದು ರುಮಾಲು ಸುತ್ತಿದ. ಟಗರಿನ ಬೆನ್ನಿನಿಂದ ಚಿಟಿಕೆ ಉಣ್ಣೆ ಕಿತ್ತು, ಹೊಸೆದು, ಮೂಸಿ, ಕಣ್ಣು ಮುಚ್ಚಿದ. ಎಷ್ಟು ಮೂಸಿದರೂ ಮಳೆಯ ವಾಸನೆಯೇ ಬಂತು. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಮಳಿ ಐತಿ" ಎಂದ, ಎದೆಯುಬ್ಬಿಸಿ. "ಇವತ್ತ ಸಂಜಿಗೇ ಐತಿ. ಬರೆದಿಟ್ಟುಕೊಳ್ರಿ."

ಹಾಗೆಂದವನೇ ಹಿಂಡಿನೊಳಗೆ ನುಗ್ಗಿ, ಉಣ್ಣೆಯ ಕುರಿಯೊಂದರ ಹಿಂಗಾಲು ಹಿಡಿದು, ಎಳೆದು ತಂದು ಬೀಗರ ಕತ್ತರಿಯ ಮುಂದೆ ಕೆಡವಿದ.