ಕಚ್ಚುವ ದನಿಯ ಪೆಟ್ಟಿಗೆ

ಮೊನ್ನೆ ಮಗಳು ಕೂದಲು ಒಣಗಿಸುವ ಯಂತ್ರವನ್ನು ಬಹಳ ದಿನದ ಮೇಲೆ ಹೊರತೆಗೆದು ಸ್ವಿಚ್ ಹಾಕಿದಳು. ಒಳಗಿನ ತಂತಿಯ ಮೇಲೆ ಕೂತ ಧೂಳು ಸುಟ್ಟು ವಾಸನೆ ಮನೆಯೆಲ್ಲ ಹಬ್ಬಿತು. ಅವಳು ಮೂಗು ಮುಚ್ಚಿಕೊಂಡು ಓಡಿದಳು. ನನಗೋ ಮುಂಗೈಯ ಹಳೇ ಸುಟ್ಟ ಗಾಯ ಚುರ್ ಅಂದ ಹಾಗಾಯಿತು. ಗಾಯ ಮಾಡಿದವನು ನನ್ನ ಗೆಳೆಯನೇ. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಸಿಟ್ಟಿನಲ್ಲಿ ಬೀಸಿ ಒಗೆದಿದ್ದ. ಗೋಡೆಗೆ ಗುರಿಯಿಟ್ಟಿದ್ದನಂತೆ. ಸುಳ್ಳ!

ಸಿದ್ದಾಪುರದಲ್ಲಿ ಎಲ್ಲರೂ ಅವನನ್ನು ವಾಲ್ವಿನವ ಎನ್ನುತ್ತಿದ್ದರು. ಗಿಟಾರಿಗೆ ಹಚ್ಚುವ ಆಂಪ್ಲಿಫೈಯರನ್ನು, ಹಳೇ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳನ್ನೇ ಹಾಕಿ, ಒಂದೊಂದೇ ತಂತಿ ಬೆಸೆದು ಕೈಯಲ್ಲೇ ಕಟ್ಟುತ್ತಿದ್ದ. ವರ್ಷಕ್ಕೆ ನಾಲ್ಕೋ ಐದೋ ಆಗುತ್ತಿದ್ದವು. ಗೋವಾ, ಹುಬ್ಬಳ್ಳಿ ಕಡೆಯ ಗಿಟಾರಿನವರು ಕಾರು ಮಾಡಿಕೊಂಡು ಬಂದು ಒಯ್ಯುತ್ತಿದ್ದರು. ನಾನು ಬಡಗಿ. ಹಿಟ್ಟಿನ ಗಿರಣಿಯ ಹಿಂದೆ ನಮ್ಮಿಬ್ಬರ ಕೋಣೆ ಅಕ್ಕಪಕ್ಕ ಇತ್ತು. ಪೆಟ್ಟಿಗೆ ನನ್ನದು, ಅದರ ಹೊಟ್ಟೆಯೊಳಗಿನದು ಅವನದು. ಒಂದೇ ಶಾಲೆಯಲ್ಲಿ ಕಲಿತವರಾದ್ದರಿಂದ ಏಕವಚನ, ಬೈಗುಳ ಎಲ್ಲ ಧಾರಾಳವಾಗಿತ್ತು.

ಮೊದಲ ಪೆಟ್ಟಿಗೆಯನ್ನು ತೆಳು ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟಿದ್ದೆ. ಹಚ್ಚಿ ದನಿ ಏರಿಸಿದಾಗ ಹಿಂದಿನ ಹಲಗೆ ಗಡಗಡ ಅಂದಿತು. ಅವನು ಅದನ್ನು ಎತ್ತಿ ರಸ್ತೆಗೆ ಬಿಸಾಕಿದ. ನಾನೂ ಸುಮ್ಮನಿರುವ ಪೈಕಿ ಅಲ್ಲ, ಹೋಗಿ ಅವನ ಕುತ್ತಿಗೆಗೇ ಕೈ ಹಾಕಿದೆ. ಗಿರಣಿಯವರು ಬಂದು ಬಿಡಿಸುವಷ್ಟರಲ್ಲಿ ಇಬ್ಬರ ಅಂಗಿಯೂ ಹರಿದಿತ್ತು. ಆಮೇಲೆ ಹಲಸಿನ ಹಲಗೆಯಲ್ಲಿ ಮಾಡಿದೆ, ಮೂಲೆಗಳನ್ನು ಒಂದಕ್ಕೊಂದು ಹಲ್ಲು ಕೂರಿಸಿ. ಅದಕ್ಕೆ ಮಾತ್ರ ತಲೆಯಾಡಿಸಿದ.

ಆ ದನಿಯನ್ನು ಹೇಗೆ ಹೇಳಲಿ... ತಂತಿಯನ್ನು ಮೆಲ್ಲಗೆ ಮುಟ್ಟಿದರೆ ಜೇನಿನ ಹಾಗೆ ಇಳಿಯುತ್ತಿತ್ತು. ಜೋರಾಗಿ ಮೀಟಿದರೆ ವಾಲ್ವಿಗೆ ತಡೆಯಲಾಗದೆ ದನಿ ಒಡೆದು ಅಬ್ಬರಿಸುತ್ತಿತ್ತು. ಅದರ ಮೇಲೆ ಚೂಪಾದ ಒಂದು ಅಂಚು ಬರುತ್ತಿತ್ತು, ಹಲ್ಲೂರಿದ ಹಾಗೆ. ಗೋವಾದವರು ಸಾಯುತ್ತಿದ್ದುದು ಆ ಅಂಚಿಗೇ. "ಮೆಲ್ಲಗೆ ಮೀಟಿದ್ರೆ ಮಾತಾಡ್ಬೇಕು, ಜೋರು ಮೀಟಿದ್ರೆ ಕಚ್ಬೇಕು" ಎನ್ನುತ್ತಿದ್ದ ವಾಲ್ವಿನವ.

ಅವನ ಅಣ್ಣನಿಗೆ ಯಲ್ಲಾಪುರದಲ್ಲಿ ಮೈಕ್ ಸೆಟ್ಟಿನ ವ್ಯವಹಾರ. ಪ್ರಾಯದಲ್ಲಿ ಇವನು ಅಲ್ಲೇ ದುಡಿಯುತ್ತಿದ್ದ. ಒಮ್ಮೆ ಮದುವೆಮನೆಯಲ್ಲಿ ದನಿ ಹೆಚ್ಚು ಏರಿಸಿ ಹಾರ್ನ್ ಸುಟ್ಟುಹಾಕಿದ. ಅಣ್ಣ ನೆಂಟರೆಲ್ಲರ ಎದುರು ಎರಡೂ ಅಂಗೈ ಅಗಲಿಸಿ, ಚಪ್ಪಾಳೆ ತಟ್ಟುವ ಹಾಗೆ, ಎರಡೂ ಕಿವಿಗೆ ಒಟ್ಟಿಗೇ ಬಾರಿಸಿದ. ರಕ್ತ ಕುತ್ತಿಗೆಗೆ ಇಳಿಯಿತು. ಅಣ್ಣನೇ ಶಿರಸಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಗಾಯ ವಾಸಿಯಾದದ್ದೇ ಇವನು ಮನೆ ಬಿಟ್ಟ. "ಅಂವ ಎಲ್ಲಾ ಇಟ್ಗಳ್ಳಿ. ಎನ್ನ ಕಿವಿ ಎನ್ನ ಹತ್ರ ಇದ್ದು" ಎನ್ನುತ್ತಿದ್ದ. ಆ ಕಿವಿಯ ಮೇಲೆ ಅವನಿಗಿದ್ದ ಜಂಬವೇ ಜಂಬ. ಬೇರೆ ಆಸ್ತಿಯಾದರೂ ಏನಿತ್ತು ಪಾಪ!

ಒಂದು ಸಂಜೆ ಮಳೆ ನಿಂತು ಹೊಳವಾಗಿ ಜೀರುಂಡೆಗಳು ತಲೆ ಸೀಳುವ ಹಾಗೆ ಕಿರುಚುತ್ತಿದ್ದವು. "ಥೂ, ಇವುಗಳ ಬಾಯಿಗೆ ಮಣ್ಣು ಹಾಕ" ಅಂದೆ.

"ಯಾವುದ್ರ ಬಾಯಿಗೆ?"

"ಜೀರುಂಡೆ ಮಾರಾಯ."

"ಎಂತ ಜೀರುಂಡೆ? ಈ ವರ್ಷ ಜೀರುಂಡೆನೇ ಇಲ್ಲೆ" ಅಂದ.

ನನ್ನ ಕೈಯ ಉಳಿ ಅಲ್ಲೇ ನಿಂತಿತು. ಚೂಪು ದನಿ ಅವನಿಗೆ ಕೇಳುತ್ತಲೇ ಇರಲಿಲ್ಲ! ತನಗೆ ಕೇಳುವವರೆಗೆ ಅದನ್ನು ಏರಿಸುತ್ತಿದ್ದ, ನಮಗೆ ಅದು ಕಚ್ಚುತ್ತಿತ್ತು. ಊರೂರಿನವರು ಹೊಗಳಿದ ಆ ಅಂಚು ಅಣ್ಣನ ಏಟು ಬಿದ್ದ ಜಾಗ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಹಲ್ಲು ಉದುರಿಸುತ್ತಿದ್ದ, ಅದು ಹಾಗಿರಲಿ... ಅವನು ಉಳಿಯುತ್ತಿರಲಿಲ್ಲ.

ಆಮೇಲೆ ಆ ದಿನ ಬಂತು. ಗೋವಾದ ಗಿರಾಕಿಯೊಬ್ಬ ಪೆಟ್ಟಿಗೆ ವಾಪಸು ತಂದಿದ್ದ. ತಿರುಗಣೆ ಪೂರ್ತಿ ಇಳಿಸಿದರೂ ಚಿಕ್ಕ ಕೋಣೆಯಲ್ಲಿ ಕಿವಿಗೆ ಚುಚ್ಚುತ್ತದೆ, ಚೂರು ತಗ್ಗಿಸಿಕೊಡಿ ಎಂದ. ವಾಲ್ವಿನವ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. "ಎನ್ನ ಕಿವಿಗೆ ಬುದ್ಧಿ ಹೇಳಲೆ ಬಂದ್ಯನಾ?" ಎಂದು ಕೂಗಿದ. ಅದೇ ಹೊತ್ತಿಗೆ, ಎಷ್ಟೋ ವರ್ಷದ ಮೇಲೆ, ಅವನ ಅಣ್ಣ ಮಗಳ ಮದುವೆಗೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದ.

"ಬಿಡು ತಮಾ, ಅವ್ರು ಹೇಳದು ಖರೆ" ಅಂದ ಅಣ್ಣ. "ನಿಂಗೆ ಚೂಪು ಸ್ವರ ಕೇಳ್ತಿಲ್ಲೆ. ಅಂದು ಆನು ಹೊಡದ್ದಕ್ಕೇ ಹೋದ್ದು. ಡಾಕ್ಟರು ಆಗಲೇ ಎನ್ನತ್ರ ಹೇಳಿದ್ದ."

ವಾಲ್ವಿನವ ಕಾಲರ್ ಬಿಟ್ಟ. ನನ್ನ ಕಡೆ ತಿರುಗಿದ. "ಹೌದನಾ ಆಚಾರಿ?"

"ಹೌದು" ಅಂದೆ. ಆ ಮುಖ ನೋಡಿಕೊಂಡು ಇನ್ನೇನು ಹೇಳುವುದು?

ಅವನು ಅಣ್ಣನ ಹತ್ತಿರ ಹೋಗಿ, ಎರಡೂ ಅಂಗೈ ಅಗಲಿಸಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಎರಡೂ ಕಿವಿಗೆ ಬಾರಿಸಿದ. ಅಣ್ಣ ಮಂಡಿಯೂರಿ ಕುಸಿದ. ಮದುವೆಯ ಕರೆಯೋಲೆಗಳ ಮೇಲೆ ರಕ್ತ ಬಿತ್ತು. "ಈಗ ನೀ ಒಂದು ಪೆಟ್ಟಿಗೆ ಮಾಡು ನೋಡ್ವ" ಅಂದ ವಾಲ್ವಿನವ, ಅಳುತ್ತಿದ್ದ. ಹಿಂದಿನಿಂದ ತಬ್ಬಿ ಹಿಡಿದೆ. ಮೊಣಕೈಯಿಂದ ತಿವಿದು ನನ್ನ ಮೂಗು ಒಡೆದ. ನನ್ನದೇ ಕೊಡತಿ ತೆಗೆದುಕೊಂಡು, ಕಟ್ಟಿಟ್ಟ ಪೆಟ್ಟಿಗೆಗಳನ್ನೆಲ್ಲ ಚಚ್ಚಿದ. ಒಳಗಿನ ವಾಲ್ವುಗಳು ಪಟಪಟ ಸಿಡಿದವು. ಗೋವಾದವನು ಯಾವಾಗ ಓಡಿದನೋ ದೇವರೇ ಬಲ್ಲ.

ಅಣ್ಣ ದೂರು ಕೊಡಲಿಲ್ಲ. ವಾಲ್ವಿನವ ಮತ್ತೆ ಬೆಸುಗೆ ಕಡ್ಡಿ ಮುಟ್ಟಲಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಿಕೊಡುತ್ತ, ಯಾರೊಡನೆಯೂ ಜಗಳವಾಡದೆ ಇದ್ದ. ಅವನು ಜಗಳವಾಡದ್ದು ನೋಡಿಯೇ ನನಗೆ ಹೆದರಿಕೆಯಾಗುತ್ತಿತ್ತು. ಈ ಮಳೆಗಾಲದ ಶುರುವಿಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟ...

ನಿನ್ನೆ ಅವನ ಅಣ್ಣ ನಮ್ಮನೆಗೆ ಬಂದಿದ್ದ. ಕಿವಿಯಲ್ಲಿ ಮಿಷನ್ನು. ಹೊರಗೆ ದಬ್ಬಬೇಕು ಅನ್ನಿಸಿತು ನನಗೆ. "ತಮ್ಮ ಮಾಡಿದ್ದು ಒಂದಾದ್ರೂ ಉಳದ್ದನಾ?" ಎಂದು ಕೇಳಿದ. ಆ ದಿನ ಮನೆಯಲ್ಲಿದ್ದು ಕೊಡತಿಗೆ ಸಿಗದೆ ಉಳಿದದ್ದು ನನ್ನ ಹತ್ತಿರ ಒಂದಿತ್ತು. ತೋರಿಸಿದೆ, ಮಗಳು ಗಿಟಾರು ಹಚ್ಚಿ ನುಡಿಸಿದಳು. ಅಣ್ಣ ಮಿಷನ್ ತೆಗೆದು ಕಿಸೆಗೆ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಮೆತ್ತಗಾತು" ಅಂದ. ಚೂಪು ದನಿಯ ತಿರುಗಣೆಯನ್ನು ತಾನೇ ಏರಿಸಿದ, ಇನ್ನೂ ಏರಿಸಿದ. ಮಗಳು ಹಲ್ಲು ಕಚ್ಚಿದಳು, ನಾನು ಕಿವಿ ಮುಚ್ಚಿಕೊಂಡೆ. ಅವನು ಕೈ ನಿಲ್ಲಿಸಿ ಕಣ್ಣು ಮುಚ್ಚಿದ. "ಹಾಂ, ಈಗ ಸರಿ ಆತು."

"ನಿಮ್ಮ ತಮ್ಮನೂ ಅಲ್ಲಿಗೇ ನಿಲ್ಲಿಸ್ತಿದ್ದ" ಅಂದೆ.

"ಎಂತ?" ಅಂದ ನನ್ನ ಬಾಯಿ ನೋಡುತ್ತ. ಕೇಳಿಸಿರಲಿಲ್ಲ. ಇನ್ನೊಮ್ಮೆ ಮೀಟು ಎಂದು ಮಗಳಿಗೆ ಸನ್ನೆ ಮಾಡಿದೆ, ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ.